ಅಲುಗದ ಚಿತ್ರ

ಬೆರಳಿನ ಉಗುರಿನಷ್ಟು ಅಗಲದ ಒಂದು ಸಿಲಿಕಾನ್ ಬಿಲ್ಲೆ. ಅಷ್ಟಕ್ಕೇ ಧಾರವಾಡದ ಜನ ಒಂದು ಗುಡ್ಡದ ಹೆಸರನ್ನೇ ಬದಲಾಯಿಸಿಬಿಟ್ಟಿದ್ದರು. ಸರಕಾರಿ ಫಲಕದಲ್ಲಿ ‘ಕ್ಷ-ಕಿರಣ ಸೂಕ್ಷ್ಮದರ್ಶಕ ಕೇಂದ್ರ’ ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಆಟೋದವರಿಗೆ ಹಾಗೆಂದರೆ ತಿಳಿಯುತ್ತಿರಲಿಲ್ಲ. ‘ಕನ್ನಡಿ ಗುಡ್ಡ’ ಎಂದರೆ ಸಾಕು, ಹೊರಟೇಬಿಡುತ್ತಿದ್ದರು.

ಆ ಬಿಲ್ಲೆಯ ಸಂಗತಿ ಸ್ವಲ್ಪ ಹೇಳಲೇಬೇಕು. ಕ್ಷ-ಕಿರಣ ಬಲು ಹಟಮಾರಿ. ಗಾಜಿನ ಮಸೂರಕ್ಕೆ ಬಗ್ಗುವುದಿಲ್ಲ, ಎದುರಿಗೆ ಕನ್ನಡಿ ಹಿಡಿದರೆ ಅದನ್ನೇ ತೂರಿಕೊಂಡು ಹೋಗುತ್ತದೆ. ಅದನ್ನು ತಿರುಗಿಸಬೇಕೆಂದರೆ ಒಂದೇ ಉಪಾಯ. ಕೆರೆಯ ನೀರಿನ ಮೇಲೆ ಚಪ್ಪಟೆ ಕಲ್ಲನ್ನು ಓರೆಯಾಗಿ ಎಸೆದರೆ ಪುಟಿದು ಹೋಗುತ್ತದಲ್ಲ, ಹಾಗೆ ನುಣುಪಾದ ಗೋಡೆಯೊಂದನ್ನು ಸವರಿಕೊಂಡು ಹೋಗುವಂತೆ ಬಿಡಬೇಕು. ಬಿಲ್ಲೆಯ ತುಂಬ ಕೂದಲಿಗಿಂತ ಸಪುರವಾದ ಸಾವಿರಾರು ಓಣಿಗಳನ್ನು ಕೊರೆದಿದ್ದರು. ಪ್ರತಿ ಓಣಿಯ ಗೋಡೆಯ ಬೆನ್ನಿಗೆ ಒಂದು ತೆಳುಪೊರೆ. ಚೂರು ವಿದ್ಯುತ್ತು ಕೊಟ್ಟರೆ ಪೊರೆ ಸೆಟೆಯುತ್ತದೆ, ಗೋಡೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಎಲ್ಲ ಗೋಡೆಗಳೂ ತಂತಮ್ಮ ಪಾಲಿನಷ್ಟು ಬಾಗಿದರೆ ಕಿರಣಗಳೆಲ್ಲ ಹೋಗಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಜನ ಕನ್ನಡಿ ಎಂದದ್ದು ಈ ಬಿಲ್ಲೆಗೇ. ಆ ಬಿಂದುವಿನಲ್ಲಿ ಜೀವಕೋಶವೊಂದರ ಒಳಮನೆ ಕಾಣುತ್ತದೆ. ಕತ್ತರಿಸಿ ಗಾಜಿನ ಮೇಲಿಟ್ಟ ಸತ್ತ ಕೋಶವಲ್ಲ ಮತ್ತೆ! ಬದುಕಿರುವ ಮನುಷ್ಯನ ಮೈಯೊಳಗಿನ ಬದುಕಿರುವ ಕೋಶ. ಅದೂ ಹಲ್ಲಿನ ಎಕ್ಸ್‌ರೇಗೆ ತಗಲುವಷ್ಟೇ ಕಿರಣದಲ್ಲಿ.

ಆದರೆ ಬದುಕಿರುವ ಮನುಷ್ಯ ಅಲುಗುತ್ತಾನಲ್ಲ. ಉಸಿರಾಡುತ್ತಾನೆ, ನಾಡಿ ಬಡಿಯುತ್ತದೆ, ಹೆದ್ದಾರಿಯಲ್ಲಿ ಲಾರಿ ಹೋದರೆ ಗುಡ್ಡವೇ ಅದುರುತ್ತದೆ. ಕೋಶದ ಅಳತೆಯಲ್ಲಿ ಇವೆಲ್ಲ ಭೂಕಂಪಗಳೇ. ನೀಲಗಂಗಾ ಹಿರೇಮಠ ಅಲ್ಲಿ ಕೆಲಸಕ್ಕಿದ್ದದ್ದು ಇದಕ್ಕಾಗಿಯೇ. ಕನ್ನಡಿಯ ಗೋಡೆಗಳಿಗೆ ಎಷ್ಟು ಬಾಗಬೇಕೆಂದು ಅಪ್ಪಣೆ ಕೊಡುವ ಬುದ್ಧಿಯನ್ನು ಕಂಪ್ಯೂಟರಿನಲ್ಲಿ ಬರೆದವಳು ಅವಳು. ಚಿತ್ರ ಒಂದಿಷ್ಟು ಸರಿದರೂ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಸಲ ಕನ್ನಡಿ ತಾನೇ ಬಾಗಿ ಬಳುಕಿ ಅದನ್ನು ಜಾಗಕ್ಕೆ ಎಳೆದು ತರುತ್ತಿತ್ತು.

“ಈಕಿ ಮನಿ ಸೊಸಿ ಇದ್ದಂಗ ನೋಡ್ರಿ,” ಎನ್ನುತ್ತಿದ್ದ ಮುರಿಗೆಪ್ಪ. ಕಿರಣದ ಯಂತ್ರವನ್ನು ನಡೆಸುವವನು ಅವನು; ಕನ್ನಡಿಗೆ ‘ಸೊಸಿ’ ಎಂದೇ ಹೆಸರಿಟ್ಟಿದ್ದ. “ಮಾವ ಕೆಮ್ಮಲಿ, ಅತ್ತಿ ಸಿಡುಕಲಿ, ಎಲ್ಲಾರಿಗೂ ಹೊಂದಿಸ್ಕೊಂಡು ಹೋಗ್ತಾಳ. ಹೊರಗಿನವರಿಗೆ ಮನಿ ತಣ್ಣಗ ಕಾಣತೈತಿ.”

“ನಿಮ್ಮ ಮನ್ಯಾಗ ಯಾರು ಹೊಂದಿಸ್ಕೊಂಡು ಹೋಗ್ತಾರಂತ ನಮಗ ಗೊತ್ತೈತ್ರಿ. ಹೆಂಡ್ತಿ ಫೋನ್ ಬಂದ್ರ ಎದ್ದು ನಿಂತು ಮಾತಾಡ್ತೀರಿ,” ಎಂದು ನೀಲಾ ಕಾಲೆಳೆಯುತ್ತಿದ್ದಳು.

ಕಳೆದ ತಿಂಗಳಷ್ಟೇ ಅವಳು ಆ ಬುದ್ಧಿಯನ್ನು ಇನ್ನಷ್ಟು ಚುರುಕು ಮಾಡಿದ್ದಳು. ಇಷ್ಟು ನಿಶ್ಚಲವಾದ ಚಿತ್ರ ಪ್ರಪಂಚದಲ್ಲಿ ಮತ್ತೆಲ್ಲೂ ಇಲ್ಲವೆಂದು ಹೊರದೇಶದವರೂ ಒಪ್ಪಿದ್ದರು. ಆ ಖುಷಿಗೆ ಇಡೀ ಕೇಂದ್ರಕ್ಕೆ ಪೇಡೆ ಹಂಚಿದ್ದಳು. ಆ ಪೇಡೆ ಮುಂದೆ ತನ್ನ ಗಂಟಲಿಗೇ ಸಿಕ್ಕಿಕೊಳ್ಳುವುದೆಂದು ಪಾಪ, ಅವಳಿಗೇನು ಗೊತ್ತು!

ಹೊಸಯಲ್ಲಾಪುರದ ಮನೆಯಲ್ಲಿ ನೀಲಾಳ ತಾಯಿ ಕಾಶವ್ವನ ಬಾಯಿಗೆ ಬಿಡುವೆಂಬುದಿರಲಿಲ್ಲ. ರೊಟ್ಟಿ ಬಡಿಯುವಾಗ ಮಾತು, ಕಾಳು ಆರಿಸುವಾಗ ಮಾತು, ಬೆಕ್ಕಿನ ಜೊತೆ ಮಾತು. ಅವಳ ಮಾತನ್ನು ಎಲ್ಲರಿಗಿಂತ ಹೆಚ್ಚು ಕೇಳಬೇಕಾಗಿದ್ದವಳು ಪಾರಿ. ನೀಲಾಳ ಅಣ್ಣನ ಮಗಳು, ಏಳು ವರ್ಷದ ಪಾರಿಜಾತ. ಆದರೆ ಪಾರಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು. ಚಿಕ್ಕವಳಿದ್ದಾಗ ಬಲಗಿವಿಯೊಳಗೆ ಯಂತ್ರ ಕೂಡಿಸಿದ್ದರು. ಅದು ಅವಳ ಮೈಗೆ ಒಗ್ಗದೆ, ಕೀವಾಗಿ, ತೆಗೆಸಬೇಕಾಗಿ ಬಂತು. ಹುಡುಗಿ ಮಾತ್ರ ಚೂಟಿ. ಶಾಲೆಯಲ್ಲಿ ಕಲಿತ ಕೈಮಾತಿನಲ್ಲಿ ಇಡೀ ಓಣಿಯ ಸುದ್ದಿಯನ್ನು ತಾಯಿ ಸುವರ್ಣಾಳಿಗೆ ಒಪ್ಪಿಸುತ್ತಿದ್ದಳು.

“ಅತ್ತೀ, ನೀವೂ ಒಂದಿಷ್ಟು ಕೈಮಾತು ಕಲೀರಲ್ಲ,” ಎಂದು ಸುವರ್ಣಾ ಅಂದಂದು ಸೋತಿದ್ದಳು. “ಕೇಳಲಾರದ ಕೂಸಿನ ಮುಂದ ದಿನಾ ಪುರಾಣ ಹೇಳಿದ್ರ ಏನ್ ಬಂತ್ರಿ?”

“ನನ್ನ ಕೈ ರೊಟ್ಟಿ ಬಡ್ಯಾಕ ಬೇಕವ್ವ, ಮಾತಾಡಾಕ ಬಾಯಿ ಐತಿ,” ಎನ್ನುತ್ತಿದ್ದಳು ಕಾಶವ್ವ. “ನನ್ನ ಕೂಸಿಗೆ ನನ್ನ ಮಾತು ಮುಟ್ಟತೈತಿ. ನೀವು ಶಾಣ್ಯಾರು, ನಿಮಗ ತಿಳಿಯೂದಿಲ್ಲ ಬಿಡ್ರಿ.”

ಮುಟ್ಟುತ್ತಿದ್ದದ್ದು ನಿಜವೇ, ಆದರೆ ಕಿವಿಗಲ್ಲ, ಕೈಗೆ. ಪಾರಿ ಅಜ್ಜಿಯ ತೊಡೆಯೇರಿ ಕೂತು ಅಂಗೈಯನ್ನು ಅವಳ ಗಂಟಲಿನ ಮೇಲೆ ಇಟ್ಟುಬಿಡುತ್ತಿದ್ದಳು. ಕಾಶವ್ವ ಮಾತಾಡಿದ ಹಾಗೆಲ್ಲ ಗಂಟಲು ಗುಂಯ್ ಅನ್ನುವುದು, ಪಾರಿಯ ಮುಖ ಅರಳುವುದು. ಒಂದು ದಿನ ಬೆಳಿಗ್ಗೆ ಹಾಲಿನ ಪಾತ್ರೆ ಚೆಲ್ಲಿದ್ದಕ್ಕೆ ಕಾಶವ್ವ, “ನಿನ್ನ ಕೈಗೆ ಏನ್ ಬಂದೈತಿ ಮೂಳಾ, ಕಣ್ಣು ಎಲ್ಲಿಟ್ಟಿದ್ದಿ?” ಎಂದು ಕಿರುಚಾಡಿದಾಗಲೂ ಅಷ್ಟೇ. ಹುಡುಗಿ ಬೈಗುಳದ ಮೇಲೆ ಅಂಗೈ ಇಟ್ಟು ಕಿಲಕಿಲ ನಕ್ಕಿದ್ದಳು.

ಈಗ ಹೊಸದೊಂದು ಔಷಧ ಬಂದಿತ್ತು. ಕಿವಿಯ ವೈದ್ಯೆ ಡಾಕ್ಟರ್ ಫರ್ಜಾನಾ ನದಾಫ್ ಅದನ್ನು ಸುವರ್ಣಾಳಿಗೆ ಬಿಡಿಸಿ ಹೇಳಿದ್ದರು. ಕಿವಿಯ ಒಳಗೆ ಬಸವನಹುಳದ ಚಿಪ್ಪಿನಂಥ ಸುರುಳಿ ಇದೆ. ಅದರೊಳಗೆ ತಲೆಯ ಮೇಲೆ ಕೂದಲ ಜುಟ್ಟು ಹೊತ್ತ ಕೋಶಗಳ ಸಾಲು. ಸದ್ದು ಬಂದಾಗ ಅವು ಕುಣಿಯುತ್ತವೆ, ಕುಣಿದರೆ ಮಿದುಳಿಗೆ ಸುದ್ದಿ ಹೋಗುತ್ತದೆ. ಔಷಧ ಹಾಕಿದರೆ ಅಂಥ ಹೊಸ ಕೋಶಗಳು ಬೆಳೆಯುತ್ತವೆ.

“ಆದ್ರ ಹೆಪ್ಪು ಬೇಕವ್ವ,” ಎಂದಿದ್ದರು ಡಾಕ್ಟರು. “ಹಾಲು ಎಷ್ಟಿದ್ರೂ ಒಂಚೂರು ಮೊಸರು ಬೀಳದ ಹೆಪ್ಪಾಗೂದಿಲ್ಲಲ್ಲ, ಹಂಗ. ಬದುಕಿದ ಕೋಶ ನಾಕಾರರ ಇದ್ರ ಹೊಸಾವು ಅವನ್ನ ನೋಡಿ ಬೆಳೀತಾವ. ಒಂದೂ ಇಲ್ಲಂದ್ರ ಔಷಧ ಕೊಟ್ಟೂ ಉಪಯೋಗಿಲ್ಲ, ಮ್ಯಾಲ ಅಪಾಯ ಬ್ಯಾರೆ. ಎಂಟು ವರ್ಷ ದಾಟಿದ ಮಕ್ಕಳಿಗಂತೂ ಕೊಡೂದಿಲ್ಲ, ಮಿದುಳು ಆ ದಾರಿ ಮರತಿರತೈತಿ.”

ಪಾರಿಗೆ ಎಂಟು ತುಂಬಲು ಬಹಳ ದಿನ ಉಳಿದಿರಲಿಲ್ಲ. ಹೊರಗಿನಿಂದ ಮಾಡುವ ಪರೀಕ್ಷೆಗಳಲ್ಲಿ ಅವಳ ಎಡಗಿವಿ ಏನೂ ಹೇಳುತ್ತಿರಲಿಲ್ಲ. ಒಳಗೆ ಹೋಗಿ ನೋಡಬಲ್ಲದ್ದು ಕನ್ನಡಿ ಗುಡ್ಡದ ಕನ್ನಡಿಯೊಂದೇ.

ಚಿತ್ರ ತೆಗೆಯುವ ದಿನ ಪಾರಿ ಹೆದರಿಬಿಟ್ಟಳು. ತಲೆಯನ್ನು ಮೆತ್ತನೆಯ ಅಚ್ಚಿನಲ್ಲಿ ಕೂಡಿಸಿ, ಎಡಗಿವಿಗೆ ಸದ್ದು ಬಿಡುವ ಸಣ್ಣ ಕೊಳವೆ ಇಟ್ಟಾಗ ಕಣ್ಣಲ್ಲಿ ನೀರು ತುಂಬಿತು, ಕಾಲು ಝಾಡಿಸತೊಡಗಿದಳು. ಕನ್ನಡಿ ಎಷ್ಟೇ ಹೊಂದಿಸಿಕೊಂಡು ಹೋದರೂ ಒದ್ದಾಡುವ ಮಗುವನ್ನು ಹಿಡಿಯಲಾರದು.

ಕಾಶವ್ವ ಪಕ್ಕದಲ್ಲಿ ಸ್ಟೂಲು ಎಳೆದು ಕೂತಳು. ಮೊಮ್ಮಗಳ ಕೈ ತೆಗೆದು ತನ್ನ ಗಂಟಲಿಗೆ ಇಟ್ಟುಕೊಂಡಳು. ಆಮೇಲೆ ಡಾಕ್ಟರ ಕೈಯಲ್ಲಿದ್ದ ಮೈಕನ್ನು ನೋಡಿ, “ಇದರಾಗ ಮಾತಾಡಿದ್ರ ಆ ನಳಿಗಿ ಹಾದು ಕಿವ್ಯಾಗ ಹೊಕ್ಕತೈತೇನ್ರಿ ಬಾಯಾರ?” ಎಂದು ಕೇಳಿದಳು.

“ಹೊಕ್ಕತೈತ್ರಿ ಅಮ್ಮಾರ. ಆದ್ರ...” ಎಂದು ಶುರುಮಾಡಿದ ಡಾಕ್ಟರು ಆ ಮುದುಕಿಯ ಮುಖ ನೋಡಿ ಮಾತು ತಿರುಗಿಸಿದರು. “ಇರಲಿ, ಮಾತಾಡ್ರಿ. ನಮ್ಮ ಸದ್ದಿನ ಪರೀಕ್ಷಾ ಮುಗಿದ ಮ್ಯಾಲ ನಿಮಗ ಕೊಡ್ತೇನಿ.”

ಗಂಟಲ ಮೇಲೆ ಕೈಯಿದ್ದದ್ದಕ್ಕೋ ಏನೋ, ಪಾರಿ ಶಾಂತಳಾದಳು. ನಿಯಂತ್ರಣ ಕೋಣೆಯಲ್ಲಿ ಗಾಜಿನಾಚೆ ಕೂತಿದ್ದ ನೀಲಾ ಕನ್ನಡಿಯನ್ನು ಚಾಲೂ ಮಾಡಿದಳು.

ಮೊದಲು ಮಸುಕು. ಆಮೇಲೆ ಗೋಡೆಗಳು ಒಂದೊಂದಾಗಿ ಬಾಗತೊಡಗಿದ ಹಾಗೆ ಮಂಜು ಕರಗಿ ಸುರುಳಿ ಕಂಡಿತು. ಎಷ್ಟು ಸಲ ನೋಡಿದರೂ ನೀಲಾಳಿಗೆ ಆ ನೋಟ ಹಳೆಯದಾಗುತ್ತಿರಲಿಲ್ಲ. ಬಟಾಣಿ ಕಾಳಿನಷ್ಟು ಜಾಗದಲ್ಲಿ ಯಾರು ಕಟ್ಟಿದರು ಈ ಸುತ್ತು ಮೆಟ್ಟಿಲನ್ನು! ಕನ್ನಡಿ ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿಯಿತು. ಹೊರಸುತ್ತಿನಲ್ಲಿ ಕೋಶಗಳ ಸಾಲು ಇರಬೇಕಾದ ಕಡೆ ಬರೀ ಬಯಲು. ಎರಡನೆಯ ಸುತ್ತೂ ಬಯಲು. ಕಟ್ಟಕಡೆಯ ಸುತ್ತಿನಲ್ಲಿ, ಇನ್ನು ಮುಂದೆ ದಾರಿಯೇ ಇಲ್ಲ ಎನ್ನುವ ತುದಿಯಲ್ಲಿ, ನೀಲಾ ತೆರೆಯತ್ತ ಬಾಗಿದಳು. ನಾಲ್ಕೈದು ಕೋಶಗಳು, ಒಂದನ್ನೊಂದು ಒತ್ತಿಕೊಂಡು ನಿಂತಿದ್ದವು. ಪ್ರತಿಯೊಂದರ ತಲೆಯ ಮೇಲೂ ಕೂದಲ ಜುಟ್ಟು, ಎಳೆ ಎಳೆಯಾಗಿ ಎಣಿಸುವಷ್ಟು ಸ್ಪಷ್ಟ.

“ಅದಾವ! ಅದಾವ್ರೀ!” ಎಂದು ಮುರಿಗೆಪ್ಪ ಮೇಜು ಗುದ್ದಿದ.

“ಇದ್ರ ಆಗಲಿಲ್ಲ, ಕುಣೀಬೇಕು,” ಎಂದರು ಡಾಕ್ಟರು. ಕೊಳವೆಯಲ್ಲಿ ಒಂದಾದ ಮೇಲೊಂದು ಸದ್ದು ಬಿಟ್ಟರು. ತಾರಕದ ಕೀಚು ಸದ್ದು, ನಡುವಣದ್ದು, ಕೆಳಗಿನ ಗುಂಯ್ ಸದ್ದು. ಚಿತ್ರ ಅಲುಗಲಿಲ್ಲ. ಇನ್ನೂ ಜೋರಾಗಿ ಬಿಟ್ಟರು. ಜುಟ್ಟಿನ ಒಂದೆಳೆಯೂ ಅಲುಗಲಿಲ್ಲ. ಆಮೇಲೆ ಮಾತು ಕೊಟ್ಟಂತೆ ಮೈಕನ್ನು ಕಾಶವ್ವನಿಗೆ ಕೊಟ್ಟು ತಾವು ತೆರೆಯನ್ನೇ ನೋಡುತ್ತ ನಿಂತರು.

“ಅಂಜಬ್ಯಾಡ ನನ್ನ ಬಂಗಾರ,” ಎಂದಳು ಕಾಶವ್ವ ಮೈಕಿಗೆ ಬಾಯಿ ಹಚ್ಚಿ. “ನಾ ಇಲ್ಲೇ ಕುಂತೇನಿ ನೋಡ. ಅಲುಗಬ್ಯಾಡ. ಮನಿಗೆ ಹೋದ ಮ್ಯಾಲ ನಿನಗ ಹೋಳಿಗಿ ಮಾಡ್ತೇನಿ, ತುಪ್ಪ ಹಾಕಿ ಕೊಡ್ತೇನಿ. ನನ್ನ ಕೂಸ, ನನ್ನ ಚಿನ್ನ...”

ಕೋಶಗಳು ಕಲ್ಲಿನಲ್ಲಿ ಕೆತ್ತಿಟ್ಟ ಹಾಗೆ ನಿಂತೇ ಇದ್ದವು. ಆಮೇಲೆ ಡಾಕ್ಟರು ಹಿಂದೊಮ್ಮೆ ಚೆನ್ನಾಗಿ ಕೇಳುವವರೊಬ್ಬರ ಕಿವಿಯಲ್ಲಿ ತೆಗೆದ ಚಿತ್ರ ತೋರಿಸಿದರು. ಅಲ್ಲಿ ಸಾವಿರಾರು ಕೋಶಗಳು ಗಾಳಿಗೆ ಸಿಕ್ಕ ಜೋಳದ ಹೊಲದಂತೆ ತುಯ್ಯುತ್ತಿದ್ದವು. ನೀಲಾಳ ಪಕ್ಕ ನಿಂತು ನೋಡುತ್ತಿದ್ದ ಸುವರ್ಣಾಳಿಗೆ ಬೇರೆ ಹೇಳಬೇಕಾಗಲಿಲ್ಲ.

“ಸತ್ತ ಮ್ಯಾಲೂ ಕೆಲವು ಹಂಗ ನಿಂತಿರತಾವ್ರಿ. ಖಾಲಿ ಮನಿಗಳು,” ಎಂದರು ಡಾಕ್ಟರು ಮೆಲ್ಲಗೆ. “ಔಷಧ ಬ್ಯಾಡ. ನಾ ಬರೀ ಆಸೆಗೆ ಬಿದ್ದು ಕೂಸಿನ ಜೀವದ ಜೋಡಿ ಆಟ ಆಡೂದಿಲ್ಲ.”

ನೀಲಾ ಅಂದು ಚಿತ್ರವನ್ನು ಮತ್ತೆ ಮತ್ತೆ ನೋಡಿದಳು. ಅವಳು ಮಾಡಿದ ಅತ್ಯುತ್ತಮ ಚಿತ್ರ ಅದು. ಅಷ್ಟು ನಿಶ್ಚಲವಾದದ್ದನ್ನು ಯಾರೂ ಎಂದೂ ನೋಡಿರಲಿಲ್ಲ. ಅದನ್ನು ಒಡೆದು ಹಾಕಬೇಕೆನ್ನುವಷ್ಟು ಸಂಕಟವಾಯಿತು.

ಮರುದಿನದಿಂದ ತಂಪು ಯಂತ್ರದ ದುರಸ್ತಿಗೆಂದು ಕೇಂದ್ರವನ್ನು ಮುಚ್ಚಿದರು. ನೀಲಾ ಮನೆಯಲ್ಲಿ ಉಳಿದಳು, ಉಳಿದು ನೋಡಬಾರದ್ದನ್ನು ನೋಡಿದಳು. ಕಾಶವ್ವ ಮಾತು ನಿಲ್ಲಿಸಿಬಿಟ್ಟಿದ್ದಳು.

ಸಿಟ್ಟಿನ ಮೌನವಾಗಿದ್ದರೆ ಅದರ ಮಾತೇ ಬೇರೆ. ಇದು ಹಾಗಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ರೊಟ್ಟಿಯ ಸಪ್ಪಳವೊಂದೇ ಅಡುಗೆಮನೆಯಿಂದ ಬರುತ್ತಿತ್ತು. ಪಾರಿ ಅಭ್ಯಾಸದಂತೆ ತೊಡೆಯೇರಿ ಗಂಟಲ ಮೇಲೆ ಕೈಯಿಟ್ಟಳು, ಕಾದಳು. ಗುಂಯ್ ಅನ್ನಲಿಲ್ಲ. ಕೈ ತೆಗೆದು, ಕೆಟ್ಟ ಗಡಿಯಾರವನ್ನು ಕೊಡವುವ ಹಾಗೆ ಕೊಡವಿ ಮತ್ತೆ ಇಟ್ಟಳು. ಇಲ್ಲ.

“ಮಾತಾಡ ಅವ್ವಾ, ನಿನ್ನ ಮೊಮ್ಮಗಳು ಕಾಯಾಕತ್ತಾಳ,” ಎಂದಳು ನೀಲಾ.

“ಏನ್ ಮಾತಾಡ್ಲಿ?” ಎಂದಳು ಕಾಶವ್ವ. “ಏಳು ವರ್ಷ ಖಾಲಿ ಮನಿ ಬಾಗಲಾ ಬಡದೆ. ಒಳಗ ಯಾರೂ ಇಲ್ಲಂತ ನಿಮ್ಮ ಕನ್ನಡಿ ತೋರಿಸ್ತು. ಸುವರ್ಣಾ ಅಂದದ್ದ ಖರೆ ಆತು.”

ಸುವರ್ಣಾ ಇದನ್ನು ಕೇಳಿಸಿಕೊಂಡು ಬಾಗಿಲ ಸಂದಿಯಲ್ಲಿ ನಿಂತು ಅತ್ತಳು. ತನ್ನ ಮಾತು ಸೋಲಲಿ ಎಂದು ಅವಳಷ್ಟು ಬೇಡಿಕೊಂಡವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಇಂಥ ಹೊತ್ತಿನಲ್ಲೇ ಗರಗದಲ್ಲಿ ಸುವರ್ಣಾಳ ತಂಗಿಯ ಮದುವೆ ಬಂತು. ಬಿಡುವಂತಿಲ್ಲ, ಎಲ್ಲರೂ ಹೋದರು. ಮದುವೆಯ ಹಿಂದಿನ ದಿನ ಐರಾಣಿ ತರುವ ಶಾಸ್ತ್ರ. ಕುಂಬಾರರ ಮನೆಯಲ್ಲಿ ಸುಣ್ಣ, ಕೆಮ್ಮಣ್ಣಿನಿಂದ ಚಿತ್ರ ಬರೆದಿಟ್ಟ ಗಡಿಗೆಗಳನ್ನು ಪೂಜಿಸಿ, ಮುತ್ತೈದೆಯರು ತಲೆಯ ಮೇಲೆ ಹೊತ್ತು ಮದುವೆಮನೆಗೆ ತರಬೇಕು. ಮುಂದೆ ಕರಡಿ ಮಜಲಿನವರು. ಅವರ ಕರಡಿ ವಾದ್ಯದ ಬಡಿತಕ್ಕೆ ಓಣಿಯ ಬಾಗಿಲುಗಳೆಲ್ಲ ಅದುರುತ್ತಿದ್ದವು. ಹಿಂದೆ ಹೆಂಗಸರ ಸಾಲು, ಸಾಲಿನ ಮೊದಲಿಗೆ ಸುವರ್ಣಾ, ತಲೆಯ ಮೇಲೆ ಮೂರು ಗಡಿಗೆ ಒಂದರ ಮೇಲೊಂದು. ಕೈ ಹಚ್ಚದೆ ಹೊತ್ತು ನಡೆಯುವುದು ಅವರ ಮನೆತನದ ಹೆಂಗಸರ ಹೆಚ್ಚುಗಾರಿಕೆ.

ನೀಲಾ ಗೋಡೆಯ ನೆರಳಿಗೆ ನಿಂತು ಸುಮ್ಮನೆ ನೋಡುತ್ತಿದ್ದಳು. ಮುಂದಿನವರ ತಲೆಗಳು ಅಡ್ಡ ಬಂದು ಸುವರ್ಣಾಳ ಮೈ ಮುಚ್ಚಿಹೋಗಿತ್ತು, ಗಡಿಗೆಗಳಷ್ಟೇ ಕಾಣುತ್ತಿದ್ದವು. ಗಾಳಿಯಲ್ಲಿ ಯಾರೋ ತೂಗುಹಾಕಿದಂತೆ ಅಲುಗದೆ ತೇಲಿ ಬರುತ್ತಿದ್ದವು. ಅವಷ್ಟನ್ನೇ ನೋಡಿದರೆ ಕೆಳಗೆ ಮನುಷ್ಯರೇ ಇಲ್ಲ ಎನ್ನಬೇಕು. ಆಮೇಲೆ ಗುಂಪು ಸರಿಯಿತು, ಸುವರ್ಣಾ ಕಂಡಳು. ಮಜಲಿನ ಬಡಿತ ಬಿದ್ದ ಹಾಗೆಲ್ಲ ಅವಳ ನಡು ಬಳುಕುತ್ತಿತ್ತು, ಕುತ್ತಿಗೆ ಇತ್ತ ಸರಿದು ಅತ್ತ ಸರಿದು ಪ್ರತಿ ಏಟನ್ನೂ ನುಂಗುತ್ತಿತ್ತು. ಗಡಿಗೆ ನಿಂತದ್ದು ಅವಳು ಕುಣಿಯುತ್ತಿದ್ದುದರಿಂದ. ಅವಳ ಕುತ್ತಿಗೆಯನ್ನು ನೋಡುತ್ತ ಕೂತವನು ಕಣ್ಣಿನಿಂದಲೇ ಮಜಲಿನ ತಾಳ ಹೇಳಿಬಿಡಬಹುದಿತ್ತು.

ನೀಲಾ ಗೋಡೆಯ ನೆರಳು ಬಿಟ್ಟು ಮುಂದೆ ಬಂದಳು.

‘ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳಲಿ,’ ಎಂದುಕೊಂಡಳು. ‘ನಾ ಬರೀ ಗಡಿಗಿ ನೋಡೇನಿ.’

ಚಿತ್ರ ಅಲುಗಬಾರದು ಎಂದು ಕನ್ನಡಿಗೆ ಕಲಿಸಿದವಳು ಅವಳೇ. ಅಲುಗಿಸಿದ್ದು ಉಸಿರೋ ಲಾರಿಯೋ, ಇಲ್ಲ ಕೋಶ ತಾನಾಗಿಯೇ ಅಲುಗಿತೋ ಎಂದು ಕನ್ನಡಿಗೆ ಹೇಗೆ ಗೊತ್ತಾಗಬೇಕು? ಸಾವಿರಾರು ಕೋಶಗಳು ತಮತಮಗೆ ಬೇಕಾದ ಹಾಗೆ ಕುಣಿದರೆ ಯಾವ ಕನ್ನಡಿಯೂ ಎಲ್ಲವನ್ನೂ ಹಿಡಿದು ನಿಲ್ಲಿಸಲಾರದು, ಕುಣಿತ ಕಾಣುತ್ತದೆ. ಪಾರಿಯ ಕಿವಿಯಲ್ಲಿದ್ದವು ನಾಲ್ಕೈದು, ಒತ್ತಿಕೊಂಡು ನಿಂತವು. ಕುಣಿದರೆ ಒಟ್ಟಿಗೇ ಕುಣಿಯಬೇಕು. ಚೌಕಟ್ಟಿನಲ್ಲಿ ಅವನ್ನು ಬಿಟ್ಟು ಬೇರೇನೂ ಇರಲಿಲ್ಲ. ಇಡೀ ಚಿತ್ರವೇ ನಡುಗಿತೆಂದು ತಿಳಿದು ಕನ್ನಡಿ ಅದನ್ನು ಸಮ ಮಾಡಿಟ್ಟಿದ್ದರೆ? ಕಳೆದ ತಿಂಗಳು ಅವಳೇ ಅಷ್ಟು ಚುರುಕು ಮಾಡಿಟ್ಟಿದ್ದಳಲ್ಲ, ಪೇಡೆ ಹಂಚಿ!

ಹಾಗಿದ್ದರೆ ಕುಣಿತವೆಲ್ಲ ಕನ್ನಡಿಗೆ ಕೊಟ್ಟ ಅಪ್ಪಣೆಗಳಲ್ಲಿ ಕೂತಿರಬೇಕು. ಅವನ್ನು ಯಾರೂ ತೆಗೆದಿಡುತ್ತಿರಲಿಲ್ಲ, ಕೆಲಸ ಮುಗಿದ ಮೇಲೆ ಅವು ಕಸ. ಮುಂದಿನ ಸಲ ಕನ್ನಡಿ ಚಾಲೂ ಆದೊಡನೆ ಹಿಂದಿನದೆಲ್ಲ ಅಳಿಸಿಹೋಗುತ್ತಿತ್ತು. ಮತ್ತೊಮ್ಮೆ ತೆಗೆಯೋಣವೆಂದರೆ ಮಗುವಿನ ಮೈಗೆ ಅಷ್ಟು ಬೇಗ ಎರಡನೆಯ ಸಲ ಕಿರಣ ಹಾಯಿಸಲು ನಿಯಮ ಬಿಡದು; ಬಿಡುವಷ್ಟರಲ್ಲಿ ಪಾರಿಗೆ ಎಂಟು ದಾಟಿರುತ್ತಿತ್ತು. ಇವತ್ತು ದುರಸ್ತಿ ಮುಗಿದು ಕೇಂದ್ರ ತೆರೆಯುವ ದಿನ. ನೀಲಾ ಫೋನು ತೆಗೆದು ಮುರಿಗೆಪ್ಪನಿಗೆ ಹಚ್ಚಿದಳು.

“ಏನ್ರಿ ಮೇಡಂ, ಮದುವಿ ಊಟ ಆತೇನ್ರಿ?” ಎಂದ ಮುರಿಗೆಪ್ಪ.

“ಕನ್ನಡಿ ಚಾಲೂ ಮಾಡಿರೇನು?”

“ಆಂ? ಮಜಲಿನ ಸಪ್ಪಳದಾಗ ಏನೂ ಕೇಳವಲ್ದು!”

“ಕನ್ನಡಿ! ಮುಟ್ಟಬ್ಯಾಡ್ರಿ! ಕೈ ತಗೀರಿ!”

ಅತ್ತಣಿಂದ ಮುರಿಗೆಪ್ಪನ ಸಣ್ಣ ದನಿ ಬಂತು. “ಗುಂಡಿ ಮ್ಯಾಲ ಬೆರಳು ಇಟ್ಟಿದ್ದೆ. ತಗದೇನ್ರಿ. ಏನಾತು?”

“ಬಂದು ಹೇಳ್ತೇನಿ. ಅಲ್ಲೀತನಕ ಯಾರನ್ನೂ ಹಾಯಗೊಡಬ್ಯಾಡ್ರಿ. ದೇವರಾಣೆ!”

ಸುವರ್ಣಾಳ ಕಾಕಾನ ಮಗನ ಸ್ಕೂಟರು ಇಸಿದುಕೊಂಡು, ರೇಷ್ಮೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೀಲಾ ಗುಡ್ಡಕ್ಕೆ ಬಂದಳು. ಡಾಕ್ಟರ್ ನದಾಫರೂ ಬಂದಿದ್ದರು. ಮೂವರೂ ತೆರೆಯ ಮುಂದೆ ಕೂತರು. ಸಾವಿರಾರು ಗೋಡೆಗಳ ಬಾಗುಬಳುಕೆಲ್ಲ ಕೂಡಿ ಒಂದೇ ಗೆರೆಯಾಗಿ ಬಂತು. ಅದರಲ್ಲಿ ದೊಡ್ಡ ಅಲೆಯಾಗಿ ಉಸಿರು, ಅದರ ಮೇಲೆ ಸಣ್ಣ ಗುಡ್ಡಗಳಾಗಿ ನಾಡಿ, ನಡುನಡುವೆ ಲಾರಿಗಳು. ನೀಲಾ ಒಂದೊಂದನ್ನೇ ಅಳಿಸುತ್ತ ಹೋದಳು. ಎಲ್ಲ ಅಳಿಸಿದ ಮೇಲೂ ಗೆರೆ ಸಪಾಟಾಗಲಿಲ್ಲ. ಕಂಡೂ ಕಾಣದಂಥ ಒಂದು ನಡುಕ ಉಳಿದುಕೊಂಡಿತು.

“ಅದು ನಿಮ್ಮ ಯಂತ್ರದ್ದ ನಡುಕ ಇರಬಹುದಲ್ಲ,” ಎಂದರು ಡಾಕ್ಟರು. ಅವರಿಗೆ ಆಸೆ ಪಡಲು ಹೆದರಿಕೆ. “ಕೊಳವಿ ಅದುರಿದ್ರೂ ಹಿಂಗ ಬರಬಹುದು.”

“ಕೊಳವ್ಯಾಗ ಎಲ್ಲಾ ಸದ್ದೂ ಸಮ ಬಿಟ್ಟಿದ್ರಿ ಹೌದಿಲ್ಲೋ? ಕೊಳವಿ ಅದುರಿದ್ರ ಎಲ್ಲಾದಕ್ಕೂ ಅದುರಬೇಕು,” ಎಂದಳು ನೀಲಾ. “ಇಲ್ಲಿ ನೋಡ್ರಿ. ತಾರಕದ ಸದ್ದಿಗೆ ಏನೂ ಇಲ್ಲ. ನಡುವಿನದಕ್ಕೂ ಇಲ್ಲ. ಗುಂಯ್ ಅನ್ನೂ ಸದ್ದಿಗೆ ಮಾತ್ರ ನಡಗೇತಿ.”

ಡಾಕ್ಟರು ಎದ್ದು ನಿಂತರು. ಕಿವಿಯ ಸುರುಳಿಯಲ್ಲಿ ತಾರಕದ ಸದ್ದಿಗೆ ಹೊರಸುತ್ತಿನ ಕೋಶಗಳು ಕುಣಿಯುತ್ತವೆ, ಗುಂಯ್ ಎನ್ನುವ ಸದ್ದಿಗೆ ಕಟ್ಟಕಡೆಯ ತುದಿಯವು. ಪಾರಿಯ ಕಿವಿಯಲ್ಲಿ ಉಳಿದಿದ್ದವು ಆ ತುದಿಯವೇ. ಯಾವ ಕೊಳವೆಗೂ ಯಾವ ಯಂತ್ರಕ್ಕೂ ಗೊತ್ತಿರದ ಲೆಕ್ಕ ಅದು.

“ಯಾ ಅಲ್ಲಾ,” ಎಂದರು ಅವರು ಮೆಲ್ಲಗೆ. “ಬದುಕ್ಯಾವ.”

ಮುರಿಗೆಪ್ಪ ಕಣ್ಣೊರೆಸಿಕೊಂಡು, “ಎಲ್ಲಾ ನುಂಗಿಕೊಂಡಿದ್ಲು ನೋಡ್ರಿ ನಮ್ಮ ಸೊಸಿ. ಏನವ್ವಾ ಏನ್ ಕಂಡಿ ಅಂತ ಒಬ್ಬರರ ಕೇಳಬೇಕಿತ್ತಲ್ಲ,” ಎಂದ. ಆಮೇಲೆ ಅವನಿಗೇ ಹೊಳೆಯಿತು. “ಮೇಡಂ, ಈ ಗೆರಿ ಸ್ಪೀಕರಿಗೆ ಹಚ್ಚಿದ್ರ?”

ಮದುವೆ ಮುಗಿದ ಮರುದಿನ ಕಾಶವ್ವ, ಸುವರ್ಣಾ, ಪಾರಿ ಮೂವರೂ ಗುಡ್ಡಕ್ಕೆ ಬಂದರು. ಕಾಶವ್ವನ ಹಣೆಯಲ್ಲಿ ಇನ್ನೂ ಅರಿಶಿನದ ಭಂಡಾರ, ಸುವರ್ಣಾಳ ಕೈಯಲ್ಲಿ ಹೊಸ ಬಳೆ. 

“ಕೋಶ ಬದುಕ್ಯಾವಂತ ಹೇಳಿದ್ಯಲ್ಲ, ಔಷಧ ಕೊಡ್ತಾರಂತ ಹೇಳಿದಿ. ಕೈ ಮುಗೀತೇನಿ. ಮತ್ತ ಇಲ್ಲಿಗ್ಯಾಕ ಕರಸಿದಿ?” ಎಂದಳು ಕಾಶವ್ವ. ಎಷ್ಟೋ ದಿನಗಳ ಮೇಲೆ ಅವಳು ಆಡಿದ ಉದ್ದನೆಯ ಮಾತು ಅದೇ ಆಗಿತ್ತು.

“ಒಂದು ಕೇಳಸ್ತೇನಿ, ಕುಂಡ್ರು ಅವ್ವಾ,” ಎಂದು ನೀಲಾ ಗುಂಡಿ ಒತ್ತಿದಳು.

ಮೊದಲು ಜರಡಿಯಲ್ಲಿ ಹಿಟ್ಟು ಸೋಸಿದಂಥ ಸಪ್ಪಳ. ಆಮೇಲೆ ಒಂದು ಗುಂಯ್, ಇನ್ನೊಂದು ಗುಂಯ್. ಮತ್ತೆ ಸೋಸುವ ಸಪ್ಪಳ. ಅದರೊಳಗಿಂದ, ಎಲ್ಲಿಂದಲೋ ಬಂದ ಹಾಗೆ, ಒಂದು ದನಿ ಎದ್ದಿತು. ಪಕ್ಕದ ಮನೆಯ ಗೋಡೆಯಾಚೆಗೆ ಯಾರೋ ಮಾತಾಡಿದಂತೆ. ಅಕ್ಷರ ಒಂದೂ ತಿಳಿಯದು, ಆದರೆ ಏರಿ ಇಳಿದು, ನಿಂತು, ಮತ್ತೆ ಮುದ್ದಾಗಿ ಏರುವ ಧಾಟಿಯಿಂದ ಯಾರದೆಂದು ತಿಳಿಯುತ್ತಿತ್ತು.

ಸುವರ್ಣಾ ಬಾಯಿಗೆ ಸೆರಗು ಹಿಡಿದಳು. “ಅತ್ತೀ... ನೀವ್ರೀ ಇದು.”

“ನೀನು ಅವತ್ತ ಮೈಕಿನ್ಯಾಗ ಮಾತಾಡಿದ್ದು, ಅವ್ವಾ,” ಎಂದಳು ನೀಲಾ. “ಆದ್ರ ಇದು ಮೈಕಿಂದಲ್ಲ. ಇದು ಪಾರಿ ಕಿವ್ಯಾಗಿಂದು. ನೀನು ಮಾತಾಡಿದಂಗೆಲ್ಲ ಆ ಕೋಶ ಕುಣದಾವ, ಅವು ಕುಣದಂಗೆಲ್ಲ ಕನ್ನಡಿ ಬಳಕೇತಿ. ಬಳಕಿದ್ದನ್ನ ನಾವು ಸದ್ದು ಮಾಡೇವಿ, ಅಷ್ಟ.”

ಏಳು ವರ್ಷಗಳಿಂದ ಆ ಪುಟ್ಟ ಕತ್ತಲೆಯ ತುದಿಯಲ್ಲಿ ನಾಲ್ಕೈದು ಕೋಶಗಳು, ಕೇಳುವವರಿಲ್ಲದಿದ್ದರೂ, ಮುದುಕಿಯೊಬ್ಬಳ ಪ್ರತಿ ಮಾತಿಗೂ ಎದ್ದು ಕುಣಿಯುತ್ತಿದ್ದವು. ಲೋಕದಲ್ಲಿ ಇಂಥದ್ದೂ ಉಂಟೇ ಎಂದು ನೀಲಾ ತನ್ನ ಕನ್ನಡಿಯನ್ನು ಹೊಸಬಳಂತೆ ನೋಡಿದಳು.

ಎಲ್ಲರೂ ಯಾಕೆ ಅಳುತ್ತಿದ್ದಾರೆಂದು ಪಾರಿಗೆ ತಿಳಿಯಲಿಲ್ಲ. ಸ್ಪೀಕರನ್ನೇ ನೋಡುತ್ತಿದ್ದಾರಲ್ಲ ಎಂದು ಹೋಗಿ ಅದರ ಮೇಲೆ ಅಂಗೈ ಇಟ್ಟಳು. ಹಾಗೇ ನಿಂತಳು. ಹುಬ್ಬು ಮೇಲೇರಿತು. ಓಡಿ ಬಂದು ಕಾಶವ್ವನ ಗಂಟಲ ಮೇಲೆ ಕೈಯಿಟ್ಟಳು. ಅಲ್ಲಿ ಏನೂ ಇಲ್ಲ. ‘ಮಾತಾಡು’ ಎಂದು ಅವಳ ಭುಜ ಹಿಡಿದು ಅಲುಗಿಸಿದಳು.

“ಏನ್ ಮಾತಾಡ್ಲಿ ನನ್ನ ಬಂಗಾರ,” ಎಂದಳು ಕಾಶವ್ವ ಅಳುತ್ತ. “ಅಂಜಬ್ಯಾಡ, ನಾ ಇಲ್ಲೇ ಅದೇನಿ...”

ಪಾರಿ ಅಜ್ಜಿಯನ್ನು ಎಳೆದುಕೊಂಡೇ ಹೋದಳು. ಒಂದು ಕೈ ಗಂಟಲ ಮೇಲೆ, ಒಂದು ಕೈ ಸ್ಪೀಕರಿನ ಮೇಲೆ. ಇದನ್ನು ನೋಡಿದಳು, ಅದನ್ನು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿ ಎರಡೂ ಕೈಯಿಂದ ಸರಸರನೆ ಏನೋ ಹೇಳಿದಳು.

“ಏನಂತಾಳ?” ಎಂದರು ಡಾಕ್ಟರು.

ಸುವರ್ಣಾ ಬಾಯಿಂದ ಸೆರಗು ತೆಗೆದಳು. “ಅಜ್ಜಿ ಇದರೊಳಗ ಯಾವಾಗ ಹೊಕ್ಕಾಳ ಅಂತ ಕೇಳಾಕತ್ತಾಳ್ರಿ.”

ಡಾಕ್ಟರು ಕಾಶವ್ವನ ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದರು. ಮಾತು ಇನ್ನೂ ಮಿದುಳಿಗೆ ಮುಟ್ಟಿಲ್ಲ, ಬಾಗಿಲ ತನಕ ಮುಟ್ಟಿದೆ ಅಷ್ಟೇ. ಔಷಧ ಹಾಕಬೇಕು, ಹೊಸ ಕೋಶಗಳು ಬೆಳೆಯಬೇಕು, ದಾರಿ ತೆರೆಯಬೇಕು. ಎಷ್ಟು ಕೇಳೀತೆಂದು ಈಗಲೇ ಹೇಳಲಾಗದು.

“ಬಾಗಲ ತನಕ ಮುಟ್ಟಿತ್ತಲ್ಲ, ನನಗ ಅಷ್ಟ ಸಾಕ್ರಿ,” ಎಂದಳು ಕಾಶವ್ವ. ಮೂಗು ಒರೆಸಿಕೊಂಡಳು. ಏನೋ ನೆನಪಾಗಿ ಅವಳ ಮುಖ ಸಣ್ಣದಾಯಿತು. “ಅಲ್ಲ ನೀಲಾ, ಹಂಗಾರ ನಾ ಬೈದದ್ದೂ ಮುಟ್ಟೇತೇನ?”

“ಎಲ್ಲಾ ಮುಟ್ಟೇತಿ ಅವ್ವಾ.”

“ಅಯ್ಯ ಶಿವನ!” ಎಂದು ಕಾಶವ್ವ ಬಾಯಿ ಮುಚ್ಚಿಕೊಂಡಳು. ಮುರಿಗೆಪ್ಪ ನಗುತ್ತ ಸ್ಪೀಕರು ಆರಿಸಿದ. ಕಾಶವ್ವ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಎಲ್ಲರಿಗೂ ಬೆನ್ನು ಮಾಡಿ, ಅವಳ ಎಡಗಿವಿಗೆ ಬಾಯಿ ಹಚ್ಚಿದಳು.

“ಅವತ್ತ ಹಾಲು ಚೆಲ್ಲಿದಾಗ ಬೈದೆ ನೋಡ ನನ್ನವ್ವ, ಅದನ್ನ ಮನಸ್ಸಿನ್ಯಾಗ ಇಟ್ಕೋಬ್ಯಾಡ.”